ಸಿ/ಇ ಅಂತ ಬರೆದರೆ ಯಾರು ಏನು ನುಡಿಸಬೇಕು? ಸ್ಲ್ಯಾಶ್ ಕಾರ್ಡ್ ಬರೆಯುವ ಬಗ್ಗೆ ಒಂದು ಪ್ರಶ್ನೆ

ಕಾರ್ಡ್‌ಚೀಟಿ:
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಸುಗಮ ಸಂಗೀತ ತಂಡ. ಇಬ್ಬರು ಹಾಡುವವರು, ತಬಲಾ, ಕೀಬೋರ್ಡ್, ಅಕೂಸ್ಟಿಕ್ ಗಿಟಾರ್ ಇದ್ದೆವು. ಆರು ತಿಂಗಳಿಂದ ಬೇಸ್ ಗಿಟಾರ್ ನುಡಿಸುವ ಹುಡುಗನೊಬ್ಬ ಸೇರಿದ್ದಾನೆ. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಶೀಟ್ ಬರೆದು ಎಲ್ಲರಿಗೂ ಹಂಚುವ ಕೆಲಸ ನನ್ನದು. ಮೊನ್ನೆ ಭಾನುವಾರದ ಪ್ರಾಕ್ಟೀಸ್‌ನಲ್ಲಿ ಒಂದೇ ಸಾಲು ನಲವತ್ತು ನಿಮಿಷ ತಿಂದುಬಿಟ್ಟಿತು. ಸಾಲು ಇದು, ಒಂದು ಬಾರ್‌ಗೆ (ನಾಲ್ಕು ಮಾತ್ರೆಯ ಒಂದು ಸುತ್ತಿಗೆ) ಒಂದು ಕಾರ್ಡ್:

ಸಿ | ಜಿ/ಬಿ | ಎ ಮೈನರ್ | ಎ ಮೈನರ್/ಜಿ | ಎಫ್ | ಸಿ/ಇ | ಡಿ ಮೈನರ್ 7 | ಎಫ್/ಜಿ

ಸಿ/ಇ ಬಂದಾಗ ಬೇಸ್ ಹುಡುಗ ಮೊದಲೆರಡು ಮಾತ್ರೆಗೆ ಸಿ, ಉಳಿದೆರಡಕ್ಕೆ ಇ ನುಡಿಸಿದ. ಗೆರೆ ಹಾಕಿದ್ದೀರಲ್ಲ, ಬಾರ್ ಅರ್ಧ ಅರ್ಧ ಅಂದುಕೊಂಡೆ ಅಂದ. ಗಿಟಾರ್ ಅಣ್ಣ ಬರೀ ಸಿ ಹಿಡಿದರು. ಕೀಬೋರ್ಡ್ ಮೇಡಂ ಎಡಗೈಯಲ್ಲಿ ಕೆಳಗಿನ ಸಿ ಒತ್ತಿ, ಬಲಗೈಯಲ್ಲಿ ಇ-ಜಿ-ಸಿ ನುಡಿಸಿದರು. ಇನ್ವರ್ಷನ್ (ಕಾರ್ಡ್‌ನ ಮೂಲ ಸ್ವರದ ಬದಲು ಅದರದ್ದೇ ಬೇರೆ ಸ್ವರ ಎಲ್ಲಕ್ಕಿಂತ ಕೆಳಗೆ ಬರುವುದು) ಅಂದರೆ ಇದೇ ಅಲ್ಲವಾ ಅನ್ನುವುದು ಅವರ ವಾದ. ಮೂವರೂ ಒಂದೊಂದು ರೀತಿ ಓದಿದರು, ಮೂರು ಓದಿಗೂ ಕಾರಣ ಇತ್ತು. ತಪ್ಪು ನನ್ನ ಬರಹದ್ದಾ ಅನ್ನುವುದು ಮೊದಲ ಪ್ರಶ್ನೆ.

ಎರಡನೆಯದು: ಕೊನೆಯ ಬಾರ್‌ನಲ್ಲಿ ಎಫ್/ಜಿ ಬರೆಯಬೇಕಾ, ಜಿ 9 ಸಸ್ 4 ಬರೆಯಬೇಕಾ? ಮೂರನೆಯದು: ಇನ್ನೊಂದು ಹಾಡಿನಲ್ಲಿ ನಾನು ಸಿ 6 ಅಂತ ಬರೆದದ್ದನ್ನು ಮೇಡಂ ಹೊಡೆದು ಎ ಮೈನರ್ 7/ಸಿ ಮಾಡಿದ್ದಾರೆ. ಸ್ವರಗಳು ಅವೇ. ಯಾವುದು ಸರಿ?

ಮಂದ್ರಸ್ಥಾಯಿ:
ಹನ್ನೆರಡು ವರ್ಷದಿಂದ ಬೇಸ್ ನುಡಿಸುತ್ತಿದ್ದೇನೆ, ಆ ಹುಡುಗನ ಕಷ್ಟ ಚೆನ್ನಾಗಿ ಗೊತ್ತು. ಗೆರೆಯ ಎಡಕ್ಕೆ ಇರುವುದು ಕಾರ್ಡ್. ಬಲಕ್ಕೆ ಇರುವುದು ಕಾರ್ಡ್ ಅಲ್ಲ, ಒಂದೇ ಒಂದು ಸ್ವರ. ಇಡೀ ತಂಡದಲ್ಲಿ ಎಲ್ಲಕ್ಕಿಂತ ಕೆಳಗೆ ಕೇಳಿಸಬೇಕಾದ ಸ್ವರ ಅದು. ಬಾರ್ ಒಡೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ಸಾಲಿನ ಬೇಸ್ ಮಾತ್ರ ಓದಿ: ಸಿ, ಬಿ, ಎ, ಜಿ, ಎಫ್, ಇ, ಡಿ, ಆಮೇಲೆ ಜಿ. ಮೆಟ್ಟಿಲಿಳಿದ ಹಾಗೆ ಒಂದೊಂದೇ ಸ್ವರ ಇಳಿಯುತ್ತದೆ. ಆ ಸಾಲಿನ ಜೀವವೇ ಆ ಇಳಿತ. ಗೆರೆ ಹಾಕಿರುವುದೇ ಅದಕ್ಕೋಸ್ಕರ.

ಮೇಡಂ ನುಡಿಸಿದ್ದರಲ್ಲಿ ಎಲ್ಲಿ ಎಡವಟ್ಟಾಯಿತು ಅಂತ ಹತ್ತಿರದಿಂದ ನೋಡೋಣ. ನಿಮ್ಮ ಹುಡುಗ ಜಿ ತಂತಿಯ 5ನೇ ಫ್ರೆಟ್‌ನ ಸಿ ಇಂದ ಇಳಿಯುತ್ತಾ ಬಂದಿದ್ದರೆ, ಸಿ/ಇ ಬಾರ್‌ನಲ್ಲಿ ಡಿ ತಂತಿಯ 2ನೇ ಫ್ರೆಟ್‌ಗೆ ಬಂದಿರುತ್ತಾನೆ. ಅದು ಸುಮಾರು 82.4 ಹರ್ಟ್ಸ್‌ನ ಇ. 61 ಮನೆಯ ಕೀಬೋರ್ಡಿನ ಕಟ್ಟಕಡೆಯ ಸಿ ಸುಮಾರು 65.4 ಹರ್ಟ್ಸ್. ಅಂದರೆ ಮೇಡಂ ಎಡಗೈ ಬೇಸ್ ಗಿಟಾರಿಗಿಂತ ಕೆಳಗೆ ಹೋಯಿತು. ಕಿವಿಗೆ ಬಿದ್ದದ್ದು ಬರೀ ಸಿ. ಸಾಲದ್ದಕ್ಕೆ ಅಷ್ಟು ಕೆಳಗೆ ಎರಡು ಸ್ವರಗಳ ನಡುವೆ 17 ಹರ್ಟ್ಸ್ ಅಂತರ ಅಂದರೆ ಗುರ್ ಅನ್ನುವ ಗೊಗ್ಗರು ದನಿ. ಅದೇ ಸಿ ಮತ್ತು ಇ ಅನ್ನು ಎರಡು ಸ್ಥಾಯಿ ಮೇಲೆ ನುಡಿಸಿ, ಎಷ್ಟು ಹಿತವಾಗಿರುತ್ತದೆ ಕೇಳಿ.

ಬಲಗೈಯಲ್ಲಿ ಇ-ಜಿ-ಸಿ ಇಟ್ಟ ಮಾತ್ರಕ್ಕೆ ಇನ್ವರ್ಷನ್ ಆಗುವುದಿಲ್ಲ. ಬಲಗೈ ಹೇಗಾದರೂ ಜೋಡಿಸಿಕೊಳ್ಳಲಿ, ಅದು ವಾಯ್ಸಿಂಗ್. ಎಲ್ಲರಿಗಿಂತ ಕೆಳಗೆ ಯಾರಿದ್ದಾರೋ ಅವರ ಸ್ವರದಿಂದ ಇನ್ವರ್ಷನ್ ತೀರ್ಮಾನವಾಗುತ್ತದೆ. ಹಾಗಾಗಿ ಸ್ಲ್ಯಾಶ್ ಬಂದ ಕಡೆ ಕೀಬೋರ್ಡಿನ ಎಡಗೈ ಒಂದೋ ಬೇಸ್ ಜೊತೆ ಅದೇ ಸ್ವರ ಹಿಡಿಯಬೇಕು, ಇಲ್ಲ ಮೇಲಕ್ಕೆ ಬರಬೇಕು.

ಭಿನ್ನರಾಶಿ:
ನಮ್ಮ ಕಡೆ ಇದನ್ನು ಎಲ್ಲರೂ ‘ಸಿ ಬೈ ಇ’ ಅಂತಲೇ ಓದುವುದು, ಶಾಲೆಯಲ್ಲಿ ಮೂರು ಬೈ ನಾಲ್ಕು ಅಂತ ಭಿನ್ನರಾಶಿ ಓದಿದ ಹಾಗೆ. ಜಪಾನಿನಲ್ಲೂ ಇದಕ್ಕೆ ‘ಬುನ್‌ಸೂ ಕೋಡೋ’ ಅನ್ನುತ್ತಾರೆ, ಅಂದರೆ ಭಿನ್ನರಾಶಿ ಕಾರ್ಡ್ ಅಂತಲೇ ಅರ್ಥ. ‘ಸಿ ಆನ್ ಇ’ ಅನ್ನುವ ರೂಢಿಯೂ ಅಲ್ಲಿದೆ. ಇ ಮೇಲೆ ಕೂತ ಸಿ. ಹೊಸಬರಿಗೆ ಹೇಳಿಕೊಡುವಾಗ ನನಗೆ ಈ ‘ಆನ್’ ಇಷ್ಟ, ಯಾರು ಮೇಲೆ ಯಾರು ಕೆಳಗೆ ಅನ್ನುವುದು ಆ ಮಾತಿನಲ್ಲೇ ಇದೆ. ಆಟೊ ಅಕಂಪನಿಮೆಂಟ್ (ಕಾರ್ಡ್ ಒತ್ತಿದರೆ ಮಷೀನೇ ಹಿನ್ನೆಲೆ ನುಡಿಸುವ ಸೌಲಭ್ಯ) ಇರುವ ಯಮಹಾ ಕೀಬೋರ್ಡ್‌ಗಳಲ್ಲಿ ‘ಫಿಂಗರ್ಡ್ ಆನ್ ಬೇಸ್’ ಅನ್ನುವ ಮೋಡ್ ಇರುತ್ತದಲ್ಲ, ಅಲ್ಲಿರುವುದೂ ಇದೇ ‘ಆನ್’. ಸಾದಾ ಫಿಂಗರ್ಡ್ ಮೋಡಿನಲ್ಲಿ ಇ-ಜಿ-ಸಿ ಒತ್ತಿದರೆ ಮಷೀನು ಅದನ್ನು ಸಿ ಅಂತಲೇ ತಿಳಿದು ಸಿ ಬೇಸ್ ಕೊಡುತ್ತದೆ. ಮೇಡಂ ಸ್ಟೈಲ್ (ಆ ಸಿದ್ಧ ಹಿನ್ನೆಲೆ) ಹಾಕಿಕೊಂಡು ನುಡಿಸುವವರಾದರೆ ಆ ಸೆಟ್ಟಿಂಗನ್ನೂ ಒಮ್ಮೆ ನೋಡಿ.

ಕಡಲಕರೆ ಕಾಯರ್:
ಮಂಗಳೂರಿನಿಂದ. ಚರ್ಚ್ ಕಾಯರ್‌ನಲ್ಲಿ ನಾಲ್ಕು ದನಿಯ ಸ್ತೋತ್ರಗಳನ್ನು ಸ್ಟಾಫ್ (ಐದು ಗೆರೆಯ ಸ್ವರಲಿಪಿ) ನೋಡಿ ಹಾಡಿ ಬೆಳೆದವಳು ನಾನು, ಹಾಗಾಗಿ ಬೇಸ್ ಸಾಲನ್ನು ಬೇರೆಯಾಗಿ ಕೇಳುವುದು ಅಭ್ಯಾಸವಾಗಿದೆ. ಸ್ಲ್ಯಾಶ್‌ಗಿಂತ ಹಳೆಯ ಪದ್ಧತಿಯೊಂದನ್ನು ಇಲ್ಲಿ ಹೇಳಲೇಬೇಕು. ಸುಮಾರು 1600ರ ಹೊತ್ತಿಗೆ ಇಟಲಿಯಲ್ಲಿ ಬಳಕೆಗೆ ಬಂದ ಫಿಗರ್ಡ್ ಬೇಸ್ ಅದು. ಅಲ್ಲಿ ಬೇಸ್ ಸ್ವರವನ್ನು ಬರೆದು, ಅದರಿಂದ ಮೇಲಕ್ಕೆ ಎಷ್ಟನೇ ಸ್ವರಗಳು ಬೇಕು ಅಂತ ಅಂಕಿ ಹಾಕುತ್ತಾರೆ. ಇ ಬರೆದು ಅಡಿಯಲ್ಲಿ 6 ಹಾಕಿದರೆ ಇ, ಜಿ, ಸಿ ಬರುತ್ತದೆ, ಅದು ನಿಮ್ಮ ಸಿ/ಇ. ಜಿ ಬರೆದು 6, 4 ಹಾಕಿದರೆ ಸಿ/ಜಿ. ಏಳನೇ ಸ್ವರವಿರುವ ಕಾರ್ಡ್ ಆದರೆ ಇನ್ವರ್ಷನ್‌ಗಳಿಗೆ ಕ್ರಮವಾಗಿ 6-5, 4-3, 4-2.

ಎರಡೂ ಪದ್ಧತಿಯ ಲೆಕ್ಕ ಶುರುವಾಗುವ ಜಾಗವೇ ಬೇರೆ. ಫಿಗರ್ಡ್ ಬೇಸ್ ಬೇಸ್‌ನಿಂದ ಮೇಲಕ್ಕೆ ಎಣಿಸುತ್ತದೆ, ರೂಟ್ (ಕಾರ್ಡ್‌ಗೆ ಹೆಸರು ಕೊಡುವ ಮೂಲ ಸ್ವರ) ಯಾವುದು ಅಂತ ಬಾಯೇ ಬಿಡುವುದಿಲ್ಲ. ಸ್ಲ್ಯಾಶ್ ಮೊದಲು ಕಾರ್ಡ್‌ನ ಹೆಸರು ಹೇಳಿ, ಬೇಸ್ ಯಾವುದು ಅಂತ ಆಮೇಲೆ ಹೇಳುತ್ತದೆ. ಇ-ಜಿ-ಸಿ ಕೂಡ ಸಿ ಕಾರ್ಡೇ, ಬೇಸ್ ಬದಲಾದರೂ ರೂಟ್ ಬದಲಾಗುವುದಿಲ್ಲ ಅನ್ನುವುದನ್ನು ಸಿದ್ಧಾಂತವಾಗಿ ನೆಲೆಗೊಳಿಸಿದ್ದು ಫ್ರಾನ್ಸಿನ ಸಂಗೀತ ರಚನಕಾರ ರಾಮೋ, 1722ರ ತನ್ನ ಗ್ರಂಥದಲ್ಲಿ. ಜರ್ಮನಿಯ ರಚನಕಾರ ಬಾಖ್‌ನ ‘ವೆಲ್ ಟೆಂಪರ್ಡ್ ಕ್ಲಾವಿಯರ್’ ಮೊದಲ ಸಂಪುಟದ ಹಸ್ತಪ್ರತಿಯೂ ಅದೇ 1722ರದ್ದು.

ಆ ಸಂಪುಟದ ಮೊದಲ ಪ್ರಿಲ್ಯೂಡ್, ಸಿ ಮೇಜರ್‌ನದ್ದು, ಪಿಯಾನೊ ಕಲಿತವರಿಗೆಲ್ಲ ಗೊತ್ತಿರುತ್ತದೆ. ಸ್ಲ್ಯಾಶ್ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಒಂದು ಬಾರ್‌ಗೆ ಒಂದೇ ಕಾರ್ಡ್, ಐದು ಸ್ವರ ಬಿಡಿಬಿಡಿಯಾಗಿ ಕೆಳಗಿನಿಂದ ಮೇಲಕ್ಕೆ. ಮೊದಲ ಬಾರ್ ಸಿ. ಎರಡನೇ ಬಾರ್‌ನಲ್ಲಿ ಸಿ-ಡಿ-ಎ-ಡಿ-ಎಫ್: ಬೇಸ್ ಅಲ್ಲಾಡಲಿಲ್ಲ, ಮೇಲೆ ಡಿ ಮೈನರ್ ಬಂದು ಕೂತಿತು. ಡಿ ಮೈನರ್ 7/ಸಿ. ಮೂರನೇ ಬಾರ್ ಬಿ-ಡಿ-ಜಿ-ಡಿ-ಎಫ್: ಜಿ 7/ಬಿ. ನಾಲ್ಕನೆಯದು ಮತ್ತೆ ಸಿ. ಬೇಸ್ ನಡೆದದ್ದು ಎಷ್ಟು? ಸಿ ಇಂದ ಬಿ ಗೆ ಅರ್ಧ ಹೆಜ್ಜೆ, ಮತ್ತೆ ವಾಪಸ್ಸು. ಮೇಲೆ ಮೂರು ಕಾರ್ಡ್ ಬದಲಾಗಿದ್ದರೂ ಕೆಳಗೆ ನೆಲ ಕದಲಿದ ಹಾಗೆ ಅನ್ನಿಸುವುದಿಲ್ಲ. ಅದೇ ನಾಲ್ಕು ಬಾರನ್ನು ಸ್ಲ್ಯಾಶ್ ತೆಗೆದು ಸಿ, ಡಿ, ಜಿ, ಸಿ ಬೇಸ್ ಇಟ್ಟು ನುಡಿಸಿ ನೋಡಿ. ಕಾರ್ಡ್‌ಗಳು ಅವೇ, ಪ್ರಿಲ್ಯೂಡ್ ಮಾತ್ರ ಅಲ್ಲಿರುವುದಿಲ್ಲ.

ಆರುತಂತಿ:
ಗಿಟಾರಿನವನ ಮಾತು. ಬೇಸ್ ವಾದಕ ಇರುವ ತಂಡದಲ್ಲಿ ಗಿಟಾರ್ ಶೀಟಿಗೆ ಸ್ಲ್ಯಾಶ್ ಬರೆಯುವುದೇ ಬೇಡ ಅನ್ನುವವನು ನಾನು. ಸಿ/ಇ ನಮಗೆ ಸುಲಭ, ಕೆಳಗಿನ ಇ ತಂತಿಯನ್ನು ಬಿಟ್ಟೇ ಮೀಟಿದರಾಯಿತು. ಜಿ/ಬಿ ಸಹ ಎ ತಂತಿಯ 2ನೇ ಫ್ರೆಟ್. ಆದರೆ ಡಿ/ಎಫ್ ಶಾರ್ಪ್? ಹೆಬ್ಬೆರಳನ್ನು ಕೊರಳಿನ ಮೇಲಿಂದ ತಂದು ದಪ್ಪ ತಂತಿಯ 2ನೇ ಫ್ರೆಟ್ ಒತ್ತಬೇಕು. ಕಲಿಯುವವರು ಅದರಲ್ಲೇ ಲಯ ಕಳೆದುಕೊಳ್ಳುತ್ತಾರೆ. ಬೇಸ್‌ನವನು ಎಫ್ ಶಾರ್ಪ್ ಕೊಡುತ್ತಿದ್ದಾನೆ ಅಂದ ಮೇಲೆ ಗಿಟಾರ್ ಬರೀ ಡಿ ಹಿಡಿದರೂ ಕೇಳುವವರ ಕಿವಿಗೆ ಅದು ಡಿ/ಎಫ್ ಶಾರ್ಪೇ. ನಿಮ್ಮ ಗಿಟಾರ್ ಅಣ್ಣ ಮಾಡಿದ್ದು ತಪ್ಪಲ್ಲ.

ಮಂದ್ರಸ್ಥಾಯಿ:
ಅವರು ನುಡಿಸಿದ್ದು ತಪ್ಪಲ್ಲ, ಒಪ್ಪಿದೆ. ಶೀಟಿನಿಂದ ತೆಗೆಯುವುದನ್ನು ಒಪ್ಪಲಾರೆ. ಒಂದು ದಿನ ಬೇಸ್‌ನವನು ಬರದೆ ಇದ್ದರೆ? ಆ ಇಳಿತ ಗಿಟಾರಿನಲ್ಲೋ ಕೀಬೋರ್ಡಿನಲ್ಲೋ ಬರಲೇಬೇಕು. ಅದೂ ಅಲ್ಲದೆ ಗಿಟಾರ್ ಶೀಟ್ ಒಂದು, ಬೇಸ್ ಶೀಟ್ ಒಂದು ಅಂತ ಮಾಡಿದರೆ ತಿದ್ದುಪಡಿ ಬಂದಾಗ ಒಂದು ತಿದ್ದಿ ಇನ್ನೊಂದು ಮರೆಯುತ್ತೇವೆ. ಎಲ್ಲರಿಗೂ ಒಂದೇ ಶೀಟ್ ಇರಲಿ. ಗೆರೆಯ ಬಲಗಡೆ ಬೇಸ್‌ನವನ ಜವಾಬ್ದಾರಿ, ಎಡಗಡೆ ಉಳಿದವರದ್ದು ಅಂತ ಶೀಟಿನ ತಲೆಯಲ್ಲಿ ಒಂದು ಸಾಲು ಬರೆದುಬಿಡಿ.

ಇನ್ನೊಂದು ವಿಷಯ, ಕ್ಯಾಪೊ, ಅಂದರೆ ಶ್ರುತಿ ಏರಿಸಲು ಗಿಟಾರಿನ ಕೊರಳಿಗೆ ಹಾಕುವ ಕ್ಲಿಪ್. ಗಿಟಾರ್ 2ನೇ ಫ್ರೆಟ್‌ಗೆ ಕ್ಯಾಪೊ ಹಾಕಿಕೊಂಡು ಜಿ/ಬಿ ಆಕಾರ ಹಿಡಿದರೆ ಕೇಳುವುದು ಎ/ಸಿ ಶಾರ್ಪ್. ಬೇಸ್‌ಗೆ ಕ್ಯಾಪೊ ಇಲ್ಲ. ಗಿಟಾರಿನ ಆಕಾರ ಬರೆದ ಶೀಟ್ ಕೈಗೆ ಸಿಕ್ಕಿ ಒಂದು ಮದುವೆ ಕಾರ್ಯಕ್ರಮದಲ್ಲಿ ಇಡೀ ಪಲ್ಲವಿಯನ್ನು ಒಂದು ಸ್ವರ ಕೆಳಗೆ ನುಡಿಸಿದ್ದೇನೆ. ಹಾಡುವವರು ತಿರುಗಿ ನೋಡಿದ ನೋಟ ಈಗಲೂ ಕಣ್ಣಮುಂದಿದೆ.

ಆರುತಂತಿ:
ಕ್ಯಾಪೊ ಮಾತು ನಿಜ. ಸರಿ, ಒಂದೇ ಶೀಟಿಗೆ ನಾನೂ ಒಪ್ಪುತ್ತೇನೆ. ಕೇಳಿಸುವ ಕಾರ್ಡ್ ಬರೆದು, ಕ್ಯಾಪೊ ಆಕಾರವನ್ನು ಗಿಟಾರಿನವರು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಲಿ.

ಹಾರ್ಮೋನಿಯಂ ಮನಿ:
ನಮಸ್ಕಾರ್ರೀ. ಹುಬ್ಬಳ್ಳ್ಯಾಗ ವಚನ, ಭಜನಿಗೆ ಹಾರ್ಮೋನಿಯಂ ಸಾಥ್ ಕೊಡ್ತೀನಿ, ಈಗೀಗ ಕೀಬೋರ್ಡೂ ಹಚ್ಚೀನಿ. ನನಗೊಂದು ಅನುಮಾನ ಐತ್ರಿ. ನಮ್ಮಲ್ಲಿ ತಂಬೂರಿ ನಿಲ್ಲೂದs ಇಲ್ಲ. ಸಿ ಶ್ರುತಿ ಇಟ್ಟು ಹಾಡ್ತಿರಬೇಕಾದ್ರ ನಾ ಎಫ್ ಹಿಡದ್ರೂ ಕೆಳಗ ಸಾ ಮೊಳಗ್ತಿರತೈತಿ, ಜಿ ಹಿಡದ್ರೂ ಸಾ ಇದ್ದs ಇರತೈತಿ. ಹಂಗಾದ್ರ ಎಲ್ಲಾ ಕಾರ್ಡಿಗೂ ಎಫ್/ಸಿ, ಜಿ/ಸಿ ಅಂತ ಬರೀಬೇಕೇನ್ರೀ?

ಕಡಲಕರೆ ಕಾಯರ್:
ಬಹಳ ಒಳ್ಳೆಯ ಪ್ರಶ್ನೆ, ಸರ್. ಒಂದೇ ಬೇಸ್ ತುಂಬಾ ಹೊತ್ತು ನಿಂತು ಮೇಲೆ ಕಾರ್ಡ್‌ಗಳು ಬದಲಾಗುವುದಕ್ಕೆ ಪಾಶ್ಚಾತ್ಯ ಸಂಗೀತದಲ್ಲಿ ಪೆಡಲ್ ಅನ್ನುತ್ತಾರೆ. ಆರ್ಗನ್‌ನಲ್ಲಿ ಕಾಲಿನಿಂದ ಒತ್ತಿ ಹಿಡಿಯುವ ಮಂದ್ರ ಸ್ವರದಿಂದ ಬಂದ ಹೆಸರು. ನಾನು ಹೇಳಿದ ಪ್ರಿಲ್ಯೂಡಿನಲ್ಲೇ 24ನೇ ಬಾರ್‌ನಿಂದ ಎಂಟು ಬಾರ್ ಬೇಸ್ ಜಿ ಬಿಟ್ಟು ಕದಲುವುದಿಲ್ಲ, ಕೊನೆಯ ನಾಲ್ಕು ಬಾರ್ ಸಿ ಮೇಲೆ ನಿಲ್ಲುತ್ತದೆ. ಆ ನಾಲ್ಕು ಬಾರ್‌ಗಳು ಸಿ 7, ಎಫ್/ಸಿ, ಜಿ 7/ಸಿ, ಸಿ. ನಿಮ್ಮ ತಂಬೂರಿಯ ಮೇಲೆ ಮಧ್ಯಮ, ಪಂಚಮದ ಕಾರ್ಡ್ ಹಿಡಿದರೆ ಕೇಳಿಸುವುದೂ ಅದೇ ಎಫ್/ಸಿ, ಜಿ/ಸಿ.

ಬರೆಯುವಾಗ ಮಾತ್ರ ಹತ್ತು ಕಡೆ ‘/ಸಿ’ ಹಾಕಿ ಕಣ್ಣಿಗೆ ಕಸ ತುಂಬಬೇಡಿ. ‘ಸಿ ಪೆಡಲ್’ ಅಂತ ಒಮ್ಮೆ ಬರೆದು, ಎಲ್ಲಿಯವರೆಗೆ ಅಂತ ಗೆರೆ ಎಳೆಯಿರಿ. ಶ್ರುತಿ ಪೆಟ್ಟಿಗೆ ಹಾಡಿನುದ್ದಕ್ಕೂ ಇದ್ದರೆ ಅದನ್ನೂ ಬರೆಯಬೇಕಿಲ್ಲ, ನಮ್ಮವರಿಗೆಲ್ಲ ಗೊತ್ತು. ಆದರೆ ಶ್ರುತಿಯ ಸಾ ನಿಂತಿರುವಾಗ ಬೇಸ್ ಗಿಟಾರ್ ಬಿ ಗೆ ಇಳಿದರೆ ಸಾ ಮತ್ತು ನಿ ಒಟ್ಟಿಗೆ ತಾಗುತ್ತವೆ. ಇಳಿಯುವ ಬೇಸ್ ಇರುವ ಹಾಡಿಗೆ ಶ್ರುತಿ ಪೆಟ್ಟಿಗೆಯನ್ನು ಸಣ್ಣದಾಗಿಸುವುದೋ ನಿಲ್ಲಿಸುವುದೋ ಮೊದಲೇ ಮಾತಾಡಿಕೊಳ್ಳಿ.

ಹಾರ್ಮೋನಿಯಂ ಮನಿ:
ಈಗ ತಿಳೀತ್ರಿ. ಭಾಳ ದಿನದಿಂದ ಆ ತಾಗಾಟ ಕೇಳ್ತಿದ್ದೆ, ಕಾರಣ ಗೊತ್ತಿರಲಿಲ್ಲ. ಇನ್ನೊಂದು ಮಾತು, ಇದನ್ನ ಸರಿಗಮದಾಗ ‘ಸ/ಗ’ ಅಂತ ಬರದ್ರ ನನ್ನಂಥವರಿಗೆ ಲಗೂನ ಓದಾಕ ಬರತೈತಿ. ಶ್ರುತಿ ಬದಲಾದ್ರೂ ಚೀಟಿ ಬದಲಾಗೂದಿಲ್ಲ.

ಭಿನ್ನರಾಶಿ:
ಅಮೆರಿಕದ ನ್ಯಾಶ್‌ವಿಲ್ ಸ್ಟುಡಿಯೊಗಳಲ್ಲಿ 1950ರ ದಶಕದ ಕೊನೆಗೆ ಹುಟ್ಟಿದ ಅಂಕಿ ಪದ್ಧತಿಯೂ ಇದೇ ಉಪಾಯ. ಕೀ ಯಾವುದಾದರೂ ಇರಲಿ, ಸಿ/ಇ ಅಲ್ಲಿ 1/3, ಜಿ/ಬಿ ಅಲ್ಲಿ 5/7. ಹಾಡುವವರು ಇವತ್ತು ಡಿ ಬೇಕು ಅಂದರೂ ಶೀಟ್ ಹಾಗೇ ಇರುತ್ತದೆ. ಸ/ಗ ಬರೆಯುವವರು ರಿ, ಗ, ಮ, ದ, ನಿ ಯಾವ ಪ್ರಭೇದ ಅಂತ ಗುರುತು ಹಾಕಲೇಬೇಕು, ಇಲ್ಲದಿದ್ದರೆ ಇ ಬದಲು ಇ ಫ್ಲಾಟ್ ಬಂದೀತು.

ಇದರ ಜೊತೆಗೆ ಒಂದು ಎಚ್ಚರಿಕೆ. ಹಾರ್ಮನಿ ಪಠ್ಯಗಳಲ್ಲಿ ರೋಮನ್ ಅಂಕಿಯಲ್ಲಿ ಐದು, ಗೆರೆ, ಐದು ಅಂತ ಕಂಡರೆ ಅದು ಸ್ಲ್ಯಾಶ್ ಕಾರ್ಡ್ ಅಲ್ಲ. ‘ಐದರ ಐದು’ ಅಂತ ಅರ್ಥ, ಸಿ ಕೀಯಲ್ಲಿ ಡಿ ಮೇಜರ್. ಸಿ 6/9 ಅನ್ನುವುದರಲ್ಲೂ ಗೆರೆಗೆ ಬೇಸ್ ಸಂಬಂಧವಿಲ್ಲ, ಆರನೆಯದು ಮತ್ತು ಒಂಬತ್ತನೆಯದು ಎರಡನ್ನೂ ಸೇರಿಸಿ ಅಂತ. ಒಂದು ಟ್ರಯಡ್ (ಮೂರು ಸ್ವರದ ಕಾರ್ಡ್) ಮೇಲೆ ಇನ್ನೊಂದು ಪೂರ್ತಿ ಟ್ರಯಡ್ ಇಡಬೇಕಿದ್ದರೆ, 1911ರ ‘ಪೆಟ್ರುಷ್ಕಾ’ದಲ್ಲಿ ಸ್ಟ್ರಾವಿನ್‌ಸ್ಕಿ ಸಿ ಮೇಜರನ್ನೂ ಎಫ್ ಶಾರ್ಪ್ ಮೇಜರನ್ನೂ ಒಟ್ಟಿಗೆ ಇಟ್ಟ ಹಾಗೆ, ನಡುವೆ ಅಡ್ಡಗೆರೆ ಎಳೆದು ಒಂದರ ಕೆಳಗೆ ಒಂದು ಬರೆಯುವುದು ವಾಡಿಕೆ. ಓರೆಗೆರೆಯಾದರೆ ಕೆಳಗೆ ಒಂದು ಸ್ವರ, ಅಡ್ಡಗೆರೆಯಾದರೆ ಕೆಳಗೂ ಕಾರ್ಡ್. ಕೈಬರಹದಲ್ಲಿ ಈ ವ್ಯತ್ಯಾಸ ಮಾಸಿಹೋಗುತ್ತದೆ, ಜೋಪಾನ.

ಕಡಲಕರೆ ಕಾಯರ್:
ಮೂಲ ಪ್ರಶ್ನೆಯ ಎರಡನೇ, ಮೂರನೇ ಭಾಗಕ್ಕೆ ಯಾರೂ ಬರಲಿಲ್ಲ. ಸಿ 6 ಮತ್ತು ಎ ಮೈನರ್ 7/ಸಿ ಎರಡರಲ್ಲೂ ಸಿ, ಇ, ಜಿ, ಎ. ಈ ಜಗಳಕ್ಕೆ ಮುನ್ನೂರು ವರ್ಷದ ಇತಿಹಾಸವಿದೆ. ರಾಮೋ ಎಫ್-ಎ-ಸಿ-ಡಿ ಅನ್ನುವ ಕಾರ್ಡನ್ನು ಇಟ್ಟುಕೊಂಡು ಇದೇ ಮಾತು ಎತ್ತಿದ್ದ. ಅದು ಆರನೆಯದು ಸೇರಿಸಿದ ಎಫ್ ಆಗಬಹುದು, ಬೇಸ್ ಬದಲಾದ ಡಿ ಮೈನರ್ 7 ಕೂಡ ಆಗಬಹುದು. ಒಂದೇ ಕಾರ್ಡ್‌ಗೆ ಎರಡು ಕೆಲಸ ಅಂತ ಅದಕ್ಕೆ ಹೆಸರನ್ನೇ ಇಟ್ಟ. ಹೇಗೆ ತೀರ್ಮಾನಿಸುವುದು? ಮುಂದೆ ಎಲ್ಲಿಗೆ ಹೋಗುತ್ತದೆ ನೋಡಿ. ಎಫ್-ಎ-ಸಿ-ಡಿ ನೇರವಾಗಿ ಸಿ ಗೆ ಇಳಿದರೆ ಎಫ್ 6. ಜಿ ಗೆ ಹೋಗಿ ಆಮೇಲೆ ಸಿ ಗೆ ಬಂದರೆ ಡಿ ಮೈನರ್ 7/ಎಫ್. ನಿಮ್ಮ ಹಾಡಿನಲ್ಲಿ ಆ ಕಾರ್ಡ್ ಎಲ್ಲಿದೆ?

ಕಾರ್ಡ್‌ಚೀಟಿ:
ಚರಣ ಮುಗಿದು ಪಲ್ಲವಿಗೆ ಬರುವ ಮುಂಚೆ. ಅದಾದ ಮೇಲೆ ಡಿ 7, ಆಮೇಲೆ ಜಿ.

ಕಡಲಕರೆ ಕಾಯರ್:
ಹಾಗಾದರೆ ಮೇಡಂ ಬರೆದದ್ದೇ ಸರಿ. ಎ ಇಂದ ಡಿ, ಡಿ ಇಂದ ಜಿ, ರೂಟ್ ಐದೈದು ಇಳಿಯುತ್ತಾ ನಡೆಯುತ್ತಿದೆ. ಎ ಮೈನರ್ 7/ಸಿ ಬರೆದರೆ ಆ ನಡೆ ಕಾಣುತ್ತದೆ. ಹಾಡು ಅಲ್ಲಿಗೆ ಬಂದು ನಿಂತು ವಿಶ್ರಮಿಸುವ ಹಾಗಿದ್ದರೆ ಸಿ 6 ಸರಿಯಿತ್ತು.

ಮಂದ್ರಸ್ಥಾಯಿ:
ಎಫ್/ಜಿ ಬಗ್ಗೆ ನನ್ನ ಅಭಿಪ್ರಾಯ. ಜಿ ಮೇಲೆ ಎಫ್, ಎ, ಸಿ. ಜಿ ಇಂದ ನೋಡಿದರೆ ಅವು ಏಳನೆಯದು, ಒಂಬತ್ತನೆಯದು, ನಾಲ್ಕನೆಯದು. ಹಾಗಾಗಿ ಜಿ 9 ಸಸ್ 4 ಅನ್ನುವ ಹೆಸರು ನ್ಯಾಯವಾದದ್ದೇ, ಐದನೆಯ ಡಿ ಮಾತ್ರ ಇಲ್ಲ. ಅದೂ ಬೇಕಿದ್ದರೆ ಡಿ ಮೈನರ್ 7/ಜಿ ಬರೆಯಿರಿ. ಇಲ್ಲಿ ಜಿ ಬೇಸ್ ಎಫ್ ಟ್ರಯಡ್‌ನಲ್ಲಿ ಇಲ್ಲವೇ ಇಲ್ಲ, ಸಿ/ಇ ನಲ್ಲಿ ಇ ಇದ್ದ ಹಾಗಲ್ಲ. ಹಾಗಾಗಿ ಇದನ್ನು ಇನ್ವರ್ಷನ್ ಅನ್ನಲು ಬರುವುದಿಲ್ಲ. ಕೆಲಸ ಮಾಡುತ್ತಿರುವ ರೂಟ್ ಜಿ ನೇ, ಎಫ್ ಹೆಸರಿಗೆ ಮಾತ್ರ. ಬಿ ಸ್ವರ ಇಲ್ಲದ್ದರಿಂದ ಜಿ 7ರಷ್ಟು ಬಲವಾಗಿ ಸಿ ಗೆ ಎಳೆಯುವುದಿಲ್ಲ, ಬಾಗಿಲು ತೆರೆದಿಟ್ಟ ಹಾಗೆ ಇರುತ್ತದೆ.

ಆದರೂ ಶೀಟಿನಲ್ಲಿ ನಾನು ಎಫ್/ಜಿ ಅನ್ನೇ ಬರೆಯುತ್ತೇನೆ. ವೇದಿಕೆ ಮೇಲೆ ಮಂದ ಬೆಳಕಿನಲ್ಲಿ ‘ಜಿ 9 ಸಸ್ 4’ ಓದಿ ಯೋಚಿಸುವ ಹೊತ್ತಿಗೆ ಬಾರ್ ದಾಟಿರುತ್ತದೆ. ಎಫ್ ಅಂದ ಕೂಡಲೇ ಕೈ ಎಫ್ ಹಿಡಿಯುತ್ತದೆ. ಪಾಠ ಹೇಳುವಾಗ, ಹಾಡನ್ನು ಬಿಡಿಸಿ ನೋಡುವಾಗ ಜಿ 9 ಸಸ್ 4 ಅನ್ನಿ. ಸ್ಲ್ಯಾಶ್ ಕೈಗೆ ಹೇಳುವ ಮಾತು, ಕಾರ್ಡ್ ಏನು ಕೆಲಸ ಮಾಡುತ್ತಿದೆ ಅನ್ನುವುದನ್ನು ಅದರಿಂದ ನಿರೀಕ್ಷಿಸಬಾರದು.

ಆರುತಂತಿ:
ಇದಕ್ಕೆ ಇನ್ನೊಂದು ಉದಾಹರಣೆ. ಎ ಮೈನರ್/ಎಫ್ ಶಾರ್ಪ್ ಅಂತ ಬರೆದರೆ ಗಿಟಾರಿಗೆ ತಕ್ಷಣ ಸಿಗುತ್ತದೆ. ಅದರ ಸರಿಯಾದ ಹೆಸರು ಎಫ್ ಶಾರ್ಪ್ ಹಾಫ್ ಡಿಮಿನಿಶ್ಡ್. ಎಫ್ ಶಾರ್ಪ್, ಎ, ಸಿ, ಇ.

ಕಾರ್ಡ್‌ಚೀಟಿ:
ಎಲ್ಲರಿಗೂ ತುಂಬು ಹೃದಯದ ಧನ್ಯವಾದ. ಮ್ಯೂಸ್‌ಸ್ಕೋರ್ ಅನ್ನುವ ಸ್ವರಲಿಪಿ ಸಾಫ್ಟ್‌ವೇರ್‌ನಲ್ಲಿ ಶೀಟ್ ಹೊಸದಾಗಿ ಮಾಡಿದೆ. ಸ್ವರ ಆರಿಸಿ ಕಂಟ್ರೋಲ್ ಜೊತೆ ಕೆ ಒತ್ತಿದರೆ ಕಾರ್ಡ್ ಟೈಪ್ ಮಾಡಲು ಬರುತ್ತದೆ, ಸ್ಲ್ಯಾಶ್ ಹಾಕಿದರೆ ಬೇಸ್ ಅಂತ ತಾನೇ ಅರ್ಥ ಮಾಡಿಕೊಂಡು, ಟ್ರಾನ್ಸ್‌ಪೋಸ್ ಮಾಡಿದಾಗ (ಬೇರೆ ಶ್ರುತಿಗೆ ಬದಲಿಸಿದಾಗ) ಗೆರೆಯ ಎರಡೂ ಕಡೆ ಒಟ್ಟಿಗೆ ಬದಲಾಯಿಸುತ್ತದೆ. ಕೈಯಲ್ಲಿ ಬರೆಯುವಾಗ ಎಷ್ಟೋ ಸಲ ಎಡಗಡೆ ಬದಲಾಯಿಸಿ ಬಲಗಡೆ ಮರೆತಿದ್ದೆ.

ತಲೆಯಲ್ಲಿ ಹೀಗೆ ಬರೆದಿದ್ದೇನೆ: ‘ಗೆರೆಯ ಬಲಗಡೆ ಇರುವುದು ಬೇಸ್ ಸ್ವರ, ಪೂರ್ತಿ ಬಾರ್‌ಗೆ. ಕೀಬೋರ್ಡ್ ಎಡಗೈ ಅಲ್ಲಿ ಮೇಲಿರಲಿ.’ ಬಾರ್ ನಿಜವಾಗಿ ಅರ್ಧ ಅರ್ಧ ಆಗುವ ಕಡೆ ಗೆರೆ ಹಾಕದೆ ಎರಡು ಕಾರ್ಡ್ ನಡುವೆ ಜಾಗ ಬಿಟ್ಟು, ಮಾತ್ರೆಯ ಸಂಖ್ಯೆ ಹಾಕಿದ್ದೇನೆ. ನಿನ್ನೆ ಸಂಜೆ ನುಡಿಸಿದೆವು. ಸಿ ಇಂದ ಡಿ ವರೆಗೆ ಬೇಸ್ ಒಂದೊಂದೇ ಮೆಟ್ಟಿಲು ಇಳಿದು ಬಂದಾಗ ಹಾಡುತ್ತಿದ್ದ ಅಕ್ಕ ಸಾಲು ನಿಲ್ಲಿಸಿ, ಇದೇ ಹಾಡಾ ಇದು ಅಂತ ಕೇಳಿದರು.

ಎರಡನೇ ಹಾಡು ಎ ಮೈನರ್‌ನಲ್ಲಿದೆ. ಅದರ ಸಾಲು: ಎ ಮೈನರ್ | ಇ/ಎ ಫ್ಲಾಟ್ | ಎ ಮೈನರ್/ಜಿ | ಡಿ/ಎಫ್ ಶಾರ್ಪ್ | ಎಫ್ | ಇ 7. ಇದು ಸರಿಯಿದೆಯಾ?

ಕಡಲಕರೆ ಕಾಯರ್:
ಎರಡನೇ ಬಾರ್ ಮಾತ್ರ ಇ/ಜಿ ಶಾರ್ಪ್ ಮಾಡಿ. ಇ ಕಾರ್ಡ್‌ನಲ್ಲಿರುವುದು ಇ, ಜಿ ಶಾರ್ಪ್, ಬಿ. ಎ ಫ್ಲಾಟ್ ಅದೇ ಮನೆಯಾದರೂ ಆ ಕಾರ್ಡ್‌ನಲ್ಲಿ ಆ ಹೆಸರಿನ ಸ್ವರವಿಲ್ಲ. ಓದುವವರು ಇದು ಯಾವುದೋ ಹೊರಗಿನ ಸ್ವರ ಅಂದುಕೊಂಡು ತಡವರಿಸುತ್ತಾರೆ. ಉಳಿದದ್ದೆಲ್ಲ ಸರಿ.

ಕಾರ್ಡ್‌ಚೀಟಿ:
ತಿದ್ದಿದೆ, ಮೇಡಂ. ಭಾನುವಾರಕ್ಕೆ ಹೊಸ ಪ್ರತಿ ಹಂಚುತ್ತೇನೆ.